ಭಾನುವಾರಕ್ಕೊಂದು ಸಂಧಿ

ಮಗಳೇ,

ಮಕ್ಕಳಿಗೆ ರಾಮಾಯಣವನ್ನು ಹೇಗೆ ಹೇಳಿಕೊಡಲಿ ಎಂದು ಕೇಳಿದ್ದೀ. ನಿನ್ನ ಓರಗೆಯ ಅಪ್ಪ ಅಮ್ಮಂದಿರು ಹಲವರು ಇದೇ ಪ್ರಶ್ನೆ ಹಿಡಿದು ನನ್ನ ಚಾವಡಿಗೆ ಬರುತ್ತಾರೆ. ಹಾಗಾಗಿ ನಿನಗೆ ಬರೆಯುವುದನ್ನು ಅವರಿಗೂ ಸೇರಿಸಿಯೇ ಬರೆಯುತ್ತಿದ್ದೇನೆ. ನಾನು ಹೇಳುವುದರ ತಿರುಳು ಇಷ್ಟು: ವಾರಕ್ಕೆ ಒಂದು ಸಂಜೆ, ಆ ಸಂಜೆಗೆ ಕಥೆಯ ಒಂದೇ ಭಾಗ, ಆ ಭಾಗದಲ್ಲಿ ಮಗುವಿಗೆ ಒಂದು ಪಾತ್ರ. ಓದುವ ಕೆಲಸ ನಿನ್ನದು, ಅರ್ಥ ಹೇಳುವ ಕೆಲಸ ಮಗುವಿನದು. ಇಷ್ಟನ್ನು ವರ್ಷವಿಡೀ ತಪ್ಪದೆ ನಡೆಸಿದರೆ ನಿನ್ನ ಮಕ್ಕಳು ರಾಮಾಯಣವನ್ನು ಕೇಳಿ ಮರೆಯುವುದಿಲ್ಲ. ಅದರೊಳಗೆ ನಡೆದಾಡಿ ಬೆಳೆಯುತ್ತಾರೆ.

ಇದಕ್ಕೆ ಬೇಕಾದದ್ದೆಲ್ಲ ನಮ್ಮ ಕಾಸರಗೋಡಿನಲ್ಲಿ ಮೊದಲಿನಿಂದಲೇ ಇದೆ. ಮಳೆಗಾಲಕ್ಕೆ ಮೊದಲು ಬರುವ ಪತ್ತನಾಜೆಯ ದಿನ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಮಳೆ ಹಿಡಿದು ಗದ್ದೆ ಕೆಲಸ ಒಂದು ಹದಕ್ಕೆ ಬರುವ ಹೊತ್ತಿಗೆ ಆಟಿ ತಿಂಗಳು ಕಾಲಿಡುತ್ತದೆ. ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕ ನಡೆಯುವ ಈ ತಿಂಗಳನ್ನೇ ನಮ್ಮ ಮಲಯಾಳಿ ನೆರೆಯವರು ಕರ್ಕಾಟಕ ಎನ್ನುತ್ತಾರೆ, ರಾಮಾಯಣ ಮಾಸವೆಂದು ಆಚರಿಸುತ್ತಾರೆ. ಸಂಜೆ ದೀಪ ಹಚ್ಚಿ, ಕವಿ ಎಳುತ್ತಚ್ಛನ್ನರು ಗಿಳಿಯ ಬಾಯಲ್ಲಿ ಹೇಳಿಸಿದ ಅಧ್ಯಾತ್ಮ ರಾಮಾಯಣ ಕಿಳಿಪ್ಪಾಟ್ಟನ್ನು ದಿನಕ್ಕಿಷ್ಟು ಎಂದು ಓದಿ, ತಿಂಗಳು ಮುಗಿಯುವಾಗ ಪಟ್ಟಾಭಿಷೇಕಕ್ಕೆ ತಂದು ನಿಲ್ಲಿಸುತ್ತಾರೆ. ನಮ್ಮ ಕನ್ನಡದ ಮನೆಗಳಲ್ಲಿ ಆ ಜಾಗದಲ್ಲಿ ತೊರವೆ ರಾಮಾಯಣವಿತ್ತು, ಕುಮಾರವ್ಯಾಸ ಭಾರತವಿತ್ತು, ಜೈಮಿನಿ ಭಾರತವಿತ್ತು. ಒಬ್ಬರು ರಾಗವಾಗಿ ಓದುವುದು, ಇನ್ನೊಬ್ಬರು ಅದನ್ನು ಬಿಡಿಸಿ ಹೇಳುವುದು. ಇದರ ಜೊತೆಗೆ ದೇವಸ್ಥಾನದ ಗೋಪುರದಲ್ಲೋ ಯಾರಾದರೊಬ್ಬರ ಮನೆಯ ಅಂಗಳದ ಚಪ್ಪರದಲ್ಲೋ ತಾಳಮದ್ದಳೆಯ ಕೂಟ.

ತಾಳಮದ್ದಳೆಯನ್ನು ನೀನು ಚಿಕ್ಕಂದಿನಿಂದ ನೋಡಿದ್ದೀ. ಆದರೆ ಅದನ್ನು ಪಾಠದ ಕ್ರಮವಾಗಿ ಒಮ್ಮೆ ನೋಡು. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದವೊಂದನ್ನು ಹಾಡುತ್ತಾರೆ. ಪದ ಮುಗಿದ ಕೂಡಲೇ ಅರ್ಥಧಾರಿ ಆ ಪಾತ್ರವೇ ಆಗಿ ಮಾತಿಗೆ ತೊಡಗುತ್ತಾನೆ. ಎದುರು ಕೂತವನು ಬೇರೊಂದು ಪಾತ್ರವಾಗಿ ಅದಕ್ಕೆ ಉತ್ತರ ಕೊಡುತ್ತಾನೆ. ಹಾಡುವ ಪದ ಬದಲಾಗುವುದಿಲ್ಲ, ಆಡುವ ಮಾತು ಪ್ರತಿ ರಾತ್ರಿಯೂ ಹೊಸತು. ಯಾರೂ ಬರೆದುಕೊಟ್ಟದ್ದಲ್ಲ ಅದು, ಆ ಕ್ಷಣಕ್ಕೆ ಹುಟ್ಟುವಂಥದ್ದು. ಹಳೆಯ ಗ್ರಂಥದ ಒಂದು ಮಾತನ್ನೂ ಅಲುಗಿಸದೆ ಇಂದಿನವನು ತನ್ನ ಬುದ್ಧಿಯಿಂದ ಅದರೊಳಕ್ಕೆ ಹೋಗುವುದಕ್ಕೆ ಇದಕ್ಕಿಂತ ಒಳ್ಳೆಯ ದಾರಿಯನ್ನು ನಾನು ಕಂಡಿಲ್ಲ. ದೊಡ್ಡವರಿಗೆಂದು ನಮ್ಮ ಹಿರಿಯರು ಕಟ್ಟಿದ ಈ ದಾರಿಯಲ್ಲಿ ಮಕ್ಕಳನ್ನು ನಡೆಸುವುದಷ್ಟೇ ನಾವು ಮಾಡಬೇಕಾದ ಕೆಲಸ.

ಕುಂಬಳೆಯ ಪಾರ್ತಿಸುಬ್ಬನ ಹೆಸರನ್ನು ಮಕ್ಕಳಿಗೆ ಮೊದಲ ದಿನವೇ ಹೇಳು. ನಮ್ಮ ಬಸ್ಸು ದಿನವೂ ಹಾದುಹೋಗುವ ಊರಿನ ಕವಿ ಅವನು. ಅಲ್ಲಿನ ಕಣಿಪುರದ ಗೋಪಾಲಕೃಷ್ಣನನ್ನು ಕಣ್ವಪುರದ ಕೃಷ್ಣನೆಂದು ನೆನೆದು, ರಾಮಾಯಣದ ಕಥೆಯನ್ನು ಪ್ರಸಂಗ ಪ್ರಸಂಗವಾಗಿ ಹಾಡಿಗೆ ತಂದ. ಪಂಚವಟಿ, ವಾಲಿ ಸುಗ್ರೀವರ ಕಾಳಗ, ಸೇತುಬಂಧನ, ಅಂಗದ ಸಂಧಾನ, ಕುಂಭಕರ್ಣ ಕಾಳಗ ಇವೆಲ್ಲ ಅವನವು. ಮುಳಿಯ ತಿಮ್ಮಪ್ಪಯ್ಯನವರು ಅವನ ಮೇಲೆ ಒಂದು ಗ್ರಂಥವನ್ನೇ ಬರೆದರು, ಕುಕ್ಕಿಲ ಕೃಷ್ಣ ಭಟ್ಟರು ಅವನ ಪ್ರಸಂಗಗಳನ್ನು ಸಂಪಾದಿಸಿ ಕೊಟ್ಟರು. ರಾಮಾಯಣವೆಂದರೆ ಎಲ್ಲೋ ದೂರದ ಅಯೋಧ್ಯೆಯ ಸಂಗತಿ ಎಂದು ಮಗು ತಿಳಿಯುವ ಮೊದಲೇ, ಕುಂಬಳೆ ಪೇಟೆಯ ದೇವರ ಎದುರಲ್ಲಿ ಆ ಕಥೆ ಮತ್ತೊಮ್ಮೆ ಹುಟ್ಟಿತ್ತು ಎಂಬುದು ಅದಕ್ಕೆ ತಿಳಿಯಲಿ.

ವಾರಕ್ಕೊಂದು ಭಾಗ ಎಂಬ ಲೆಕ್ಕ ಎಲ್ಲಿಂದ ಬಂತೆಂದು ಕೇಳುವೆ. ಯಹೂದಿಗಳಲ್ಲಿ ಅದು ಬಲವಾಗಿ ಉಳಿದಿದೆ. ಅವರು ತಮ್ಮ ತೋರಾ ಗ್ರಂಥವನ್ನು 54 ಭಾಗ ಮಾಡಿಕೊಂಡಿದ್ದಾರೆ. ಜಗತ್ತಿನ ಯಾವ ಮೂಲೆಯಲ್ಲಿದ್ದರೂ ಹೆಚ್ಚುಕಡಿಮೆ ಎಲ್ಲರೂ ಒಂದು ವಾರದಲ್ಲಿ ಒಂದೇ ಭಾಗವನ್ನು ಓದುತ್ತಾರೆ. ವರ್ಷದ ಕೊನೆಗೆ ಒಂದು ಹಬ್ಬ ಮಾಡಿ ಕೊನೆಯ ಭಾಗವನ್ನು ಓದಿ ಮುಗಿಸುತ್ತಾರೆ, ಆಗಲೇ ಮೊದಲ ಭಾಗವನ್ನು ತೆರೆಯುತ್ತಾರೆ. ಹುಡುಗನಿಗೆ ಹದಿಮೂರು ತುಂಬಿದಾಗ ಸಭೆಯ ಎದುರು ಆ ವಾರದ ಭಾಗವನ್ನು ತಾನೇ ಓದುವುದು ರೂಢಿ. ಪಸ್ಕ ಹಬ್ಬದ ರಾತ್ರಿ ಊಟದ ಸಾಲಿನಲ್ಲಿ ಎಲ್ಲರಿಗಿಂತ ಕಿರಿಯ ಮಗು ನಾಲ್ಕು ಪ್ರಶ್ನೆ ಕೇಳುತ್ತದೆ. ಈಜಿಪ್ಟಿನಿಂದ ಬಿಡುಗಡೆಯಾದ ಕಥೆಯನ್ನು ಹಿರಿಯರು ಆ ಪ್ರಶ್ನೆಗಳಿಗೆ ಉತ್ತರವಾಗಿ ಹೇಳಬೇಕು. ಇದು ನಮ್ಮ ಕೇರಳದಲ್ಲೂ ನಡೆದುಕೊಂಡು ಬಂದ ಬಾಳು. ಕೊಚ್ಚಿಯ ಮಟ್ಟಾಂಚೇರಿಯಲ್ಲಿ 1568ರಲ್ಲಿ ಕಟ್ಟಿದ ಅವರ ಪ್ರಾರ್ಥನಾಮಂದಿರ ಇಂದಿಗೂ ಇದೆ. ಅಲ್ಲಿನ ಯಹೂದಿ ಹೆಂಗಸರು ತಮ್ಮ ಪುರಾಣದ ಕಥೆಗಳನ್ನು ಮಲಯಾಳದ ಹಾಡುಗಳಾಗಿ ಕೈಬರಹದ ಪುಸ್ತಕಗಳಲ್ಲಿ ಇಟ್ಟುಕೊಂಡು ಮದುವೆ ಹಬ್ಬಗಳಲ್ಲಿ ಹಾಡುತ್ತಿದ್ದರು. 1948ರಲ್ಲಿ ಇಸ್ರೇಲ್ ಆದಮೇಲೆ ಅವರಲ್ಲಿ ಬಹುಪಾಲು ಜನ ಅಲ್ಲಿಗೆ ಹೋದರು. ಊರು ಬಿಟ್ಟು ಊರು ಅಲೆದ ಜನ ಸಾವಿರಾರು ವರ್ಷ ತಮ್ಮ ಗ್ರಂಥವನ್ನು ಕಳೆದುಕೊಳ್ಳದೆ ಉಳಿದದ್ದರಲ್ಲಿ ವಾರದ ಭಾಗಕ್ಕೂ ಮಗುವಿನ ಪ್ರಶ್ನೆಗೂ ದೊಡ್ಡ ಪಾಲಿದೆ. ಗಡಿಯ ಅಂಚಿನಲ್ಲಿ ನಿಂತು ಕನ್ನಡ ಕಾಯುವ ನಮಗೆ ಅವರಿಂದ ಕಲಿಯಲು ಬೇಕಾದಷ್ಟಿದೆ.

ಈಗ ಕೆಲಸದ ಮಾತಿಗೆ ಬರೋಣ. ಆಟಿ ಸಂಕ್ರಮಣ ಕಳೆದು ಬರುವ ಮೊದಲ ಭಾನುವಾರ ಆರಂಭಿಸು. ಬಾಲಕಾಂಡದಿಂದ ಯುದ್ಧಕಾಂಡದವರೆಗೆ ಆರು ಕಾಂಡ. ಒಂದೊಂದು ಕಾಂಡಕ್ಕೆ ಎಂಟು ಭಾನುವಾರ. ಅಲ್ಲಿಗೆ 48 ವಾರ ಆಯಿತು. ಉಳಿದ ನಾಲ್ಕು ವಾರವನ್ನು ಮಾರ್ಚ್ ತಿಂಗಳ ಪರೀಕ್ಷೆಗೂ ಜ್ವರ, ನೆಂಟರ ಮನೆಯ ಜಂಬರಗಳಿಗೂ ಇಟ್ಟುಕೋ. ಬಾಲಕಾಂಡವನ್ನು ನಾನು ಹೀಗೆ ಹಂಚುತ್ತೇನೆ: ದಶರಥನ ಪುತ್ರಕಾಮೇಷ್ಟಿ, ಮಕ್ಕಳ ಜನನ, ವಿಶ್ವಾಮಿತ್ರ ಬಂದು ಹುಡುಗರನ್ನು ಕೇಳುವುದು, ತಾಟಕಿ, ಯಾಗದ ಕಾವಲು, ಅಹಲ್ಯೆ, ಬಿಲ್ಲು, ಪರಶುರಾಮ. ಎಂಟು ವಾರಕ್ಕೆ ಎಂಟು ಸಂಗತಿ. ಕಿಷ್ಕಿಂಧೆಗೆ ಬಂದಾಗ ಫೆಬ್ರವರಿಯ ಬಿಸಿಲು ಏರಿರುತ್ತದೆ, ಕಥೆಯೊಳಗೆ ರಾಮ ಮಳೆಗಾಲ ಕಳೆಯಲೆಂದು ಬೆಟ್ಟದ ಗುಹೆಯಲ್ಲಿ ಕಾದು ಕೂತಿರುತ್ತಾನೆ. ಆಟಿಯ ಮಳೆಯಲ್ಲಿ ಶಾಲೆಗೆ ರಜೆ ಕೊಟ್ಟು ಮನೆಯೊಳಗೆ ಕೂತ ದಿನಗಳನ್ನು ಮಕ್ಕಳಿಂದ ಹೇಳಿಸು. ರಾಮನ ಆ ಕಾಯುವಿಕೆ ಅವರಿಗೆ ತಾನೇ ತಿಳಿಯುತ್ತದೆ. ಯುದ್ಧಕಾಂಡದ ಆರಂಭ ಬೇಸಿಗೆ ರಜೆಗೆ ಸಿಗುತ್ತದೆ, ಅಜ್ಜಿಯ ಮನೆಗೆ ಮಕ್ಕಳೆಲ್ಲ ಸೇರುವ ಹೊತ್ತು, ಕಪಿಸೇನೆಗೆ ಕೊರತೆಯಿಲ್ಲ. ಪಟ್ಟಾಭಿಷೇಕ ಮುಗಿದ ಬೆನ್ನಿಗೆ ಮತ್ತೆ ಆಟಿ, ಮತ್ತೆ ದಶರಥ. ಅದೇ ಕಥೆಯನ್ನು ಒಂದು ವರ್ಷ ದೊಡ್ಡದಾದ ಮಗು ಬೇರೆ ಕಿವಿಯಿಂದ ಕೇಳುತ್ತದೆ.

ಹೊತ್ತು ಹೆಚ್ಚು ಬೇಡ. ದೀಪ ಹಚ್ಚಿದ ಮೇಲೆ ಅರ್ಧ ಗಂಟೆ, ಅದಕ್ಕಿಂತ ಒಂದು ನಿಮಿಷ ಹೆಚ್ಚಾದರೂ ಮಕ್ಕಳೇ ಬೇಡಿ ಹೆಚ್ಚಾಗಬೇಕು. ಜಾಗ ಬದಲಿಸಬೇಡ. ಪುಸ್ತಕ ವ್ಯಾಸಪೀಠದ ಮೇಲಿರಲಿ, ಮೊಬೈಲು ಇನ್ನೊಂದು ಕೋಣೆಯಲ್ಲಿರಲಿ, ನಿನ್ನದೂ ಅಳಿಯಂದಿರದೂ ಸೇರಿ. ಹೋದ ವಾರ ಏನಾಯಿತು ಎಂಬುದನ್ನು ಎಲ್ಲರಿಗಿಂತ ಸಣ್ಣ ಮಗು ಹೇಳಲಿ. ತಪ್ಪು ಹೇಳಿದರೆ ನೀನು ತಿದ್ದಬೇಡ, ಅಕ್ಕ ತಿದ್ದುತ್ತಾಳೆ. ಬಳಿಕ ತೊರವೆ ರಾಮಾಯಣದ ನಾಲ್ಕೈದು ಪದ್ಯ ರಾಗವಾಗಿ ಓದು. ಅಷ್ಟಾದ ಮೇಲೆ ಮನೆಯ ಮಾತಿನಲ್ಲಿ ಕಥೆ. ಕಥೆಯಾದ ಮೇಲೆ ಇಬ್ಬರಿಗೆ ಪಾತ್ರ ಕೊಟ್ಟು ಎದುರು ಬದುರು ಕೂರಿಸು. ಕೊನೆಗೆ ಮಂಗಳ, ಹಲಸಿನ ಹಪ್ಪಳ. ಪತ್ರೊಡೆ ಮಾಡಿದ ದಿನವಾದರೆ ಇನ್ನೂ ಒಳ್ಳೆಯದು. ಬಾಯಿಗೆ ರುಚಿಯಾದದ್ದೊಂದು ಸಿಗುವ ಸಂಜೆಯನ್ನು ಮಕ್ಕಳು ತಪ್ಪಿಸುವುದಿಲ್ಲ.

ಹಳೆಯ ಪದ್ಯ ಮಕ್ಕಳಿಗೆ ಅರ್ಥವಾಗುವುದಿಲ್ಲ, ಅದನ್ನು ಬಿಟ್ಟು ಕಥೆ ಮಾತ್ರ ಹೇಳುತ್ತೇನೆ ಎಂದು ನಿನ್ನ ಹಾಗಿನವರು ಹಲವರು ಹೇಳುತ್ತಾರೆ. ಬಿಡಬೇಡ. ತೊರವೆಯ ನರಹರಿ ಸುಮಾರು 1500ರ ಹೊತ್ತಿಗೆ ವಿಜಯಪುರದ ಬಳಿಯ ತನ್ನ ಊರಿನ ನರಸಿಂಹನ ಹೆಸರಿಟ್ಟು ಸುಮಾರು 5000 ಪದ್ಯಗಳಲ್ಲಿ ಈ ರಾಮಾಯಣ ಬರೆದ, ತನ್ನನ್ನು ಕುಮಾರ ವಾಲ್ಮೀಕಿ ಎಂದು ಕರೆದುಕೊಂಡ. ಅವನು ಹಿಡಿದದ್ದು ಭಾಮಿನಿ ಷಟ್ಪದಿಯನ್ನು. ಆರು ಸಾಲು, ಒಂದು, ಎರಡು, ನಾಲ್ಕು, ಐದನೆಯ ಸಾಲಿನಲ್ಲಿ ಮೂರು, ನಾಲ್ಕು, ಮೂರು, ನಾಲ್ಕು ಮಾತ್ರೆ, ಒಟ್ಟು 14. ಮೂರನೆಯ ಮತ್ತು ಆರನೆಯ ಸಾಲಿನಲ್ಲಿ ಅದೇ ಮೂರು ನಾಲ್ಕು ಮೂರು ಸಲ ಬಂದು ಕೊನೆಗೊಂದು ಗುರು, ಒಟ್ಟು 23. ಇದನ್ನು ವ್ಯಾಕರಣವಾಗಿ ಕಲಿಸಬೇಡ, ತೊಡೆ ತಟ್ಟಿ ಕಲಿಸು. ತಕಿಟ ತಕಧಿಮಿ, ತಕಿಟ ತಕಧಿಮಿ. ಆರು ವರ್ಷದ ಮಗು ಎರಡೇ ವಾರಕ್ಕೆ ಈ ನಡೆಯನ್ನು ಹಿಡಿಯುತ್ತದೆ, ಯಾವ ಸಾಲು ಉದ್ದ, ಎಲ್ಲಿ ನಿಲ್ಲುತ್ತದೆ ಎಂದು ಕೈಯಲ್ಲೇ ತೋರಿಸುತ್ತದೆ. ಶಬ್ದದ ಅರ್ಥ ಆಮೇಲೆ ಬರಲಿ, ಲಯ ಮೈಗೆ ಮೊದಲು ಹತ್ತಲಿ. ಲಯ ಹತ್ತಿದ ಮೇಲೆ ಮುಂದೆ ಶಾಲೆಯ ಪುಸ್ತಕದಲ್ಲಿ ಇದೇ ನಡೆಯ ಕುಮಾರವ್ಯಾಸನ ಪದ್ಯ ಸಿಕ್ಕಿದಾಗ ಮಗುವಿಗೆ ಅದರಲ್ಲಿ ಅಪರಿಚಿತನ ಮುಖ ಕಾಣುವುದಿಲ್ಲ.

ಇನ್ನು ಅರ್ಥ ಹೇಳಿಸುವ ಬಗೆಯನ್ನು ಒಂದೇ ಭಾಗ ಹಿಡಿದು ತೋರಿಸುತ್ತೇನೆ, ವಾಲಿಯ ಕಥೆ. ಅಣ್ಣ ತಮ್ಮಂದಿರು. ಮಾಯಾವಿಯನ್ನು ಅಟ್ಟಿಸಿಕೊಂಡು ವಾಲಿ ಗುಹೆಯೊಳಗೆ ಹೋಗುತ್ತಾನೆ, ಸುಗ್ರೀವ ಬಾಗಿಲಲ್ಲಿ ಕಾಯುತ್ತಾನೆ. ದಿನಗಳು ಉರುಳುತ್ತವೆ, ಒಳಗಿಂದ ರಕ್ತ ಹರಿದು ಬರುತ್ತದೆ. ಅಣ್ಣ ಸತ್ತನೆಂದು ತಿಳಿದು ತಮ್ಮ ಬಂಡೆ ಮುಚ್ಚಿ ಹಿಂದಿರುಗುತ್ತಾನೆ, ರಾಜನಾಗುತ್ತಾನೆ. ವಾಲಿ ಬದುಕಿ ಬರುತ್ತಾನೆ, ತಮ್ಮನನ್ನು ಓಡಿಸಿ ಅವನ ಹೆಂಡತಿ ರುಮೆಯನ್ನು ಇಟ್ಟುಕೊಳ್ಳುತ್ತಾನೆ. ರಾಮ ಸುಗ್ರೀವನಿಗೆ ಮಾತು ಕೊಡುತ್ತಾನೆ. ಮೊದಲ ಕಾಳಗದಲ್ಲಿ ಇಬ್ಬರೂ ಒಂದೇ ರೂಪ, ಬಾಣ ಬಿಡಲಾಗುವುದಿಲ್ಲ. ಎರಡನೆಯ ಸಲ ಸುಗ್ರೀವನ ಕೊರಳಿಗೆ ಮಾಲೆ. ಮರದ ಮರೆಯಿಂದ ಬಾಣ ಬರುತ್ತದೆ, ವಾಲಿ ಬೀಳುತ್ತಾನೆ. ಬಿದ್ದವನು ಎದುರು ಬಂದ ರಾಮನನ್ನು ಕೇಳುತ್ತಾನೆ.

ಇಲ್ಲಿ ಪುಸ್ತಕ ಮುಚ್ಚಿ ಮಗನಿಗೆ ಹೇಳು: ಈಗ ನೀನು ವಾಲಿ, ಅಕ್ಕ ರಾಮ. ಏನು ಕೇಳುತ್ತೀ ಕೇಳು. ಅವನು ಮೊದಲು ಕೇಳುವ ಪ್ರಶ್ನೆ ನನಗೆ ಗೊತ್ತು: ಅಡಗಿ ನಿಂತು ಯಾಕೆ ಹೊಡೆದೆ? ಅಷ್ಟಕ್ಕೇ ಬಿಡಬೇಡ. ನಿನಗೂ ರಾಮನಿಗೂ ಮೊದಲು ಜಗಳವಿತ್ತೇ? ಸೀತೆಯನ್ನು ತರಬೇಕಾದರೆ ರಾಮ ನಿನ್ನನ್ನು ಕೇಳಬಹುದಿತ್ತೇ? ನಿನ್ನ ಮಗ ಅಂಗದನನ್ನು ಈಗ ಯಾರ ಕೈಗೆ ಕೊಡುತ್ತೀ? ಒಂದೊಂದು ಪ್ರಶ್ನೆಗೂ ಮಗ ವಾಲಿಯೊಳಗೆ ಒಂದು ಹೆಜ್ಜೆ ಇಳಿಯುತ್ತಾನೆ. ಆಮೇಲೆ ರಾಮನ ಸರದಿ. ತಮ್ಮನ ಹೆಂಡತಿಯನ್ನು ಕಿತ್ತುಕೊಂಡವನಿಗೆ ಶಿಕ್ಷೆ ಬೇಡವೇ, ಗೆಳೆಯನಿಗೆ ಕೊಟ್ಟ ಮಾತು ಉಳಿಸಬೇಡವೇ, ನಾಡನ್ನು ಆಳುವವನು ಅನ್ಯಾಯ ಕಂಡು ಸುಮ್ಮನಿರಬಹುದೇ ಎಂದು ಮಗಳು ತಾನಾಗಿ ಹುಡುಕುತ್ತಾಳೆ. ಇಷ್ಟಾದಾಗ ಸಣ್ಣವನು ನಡುವೆ ಬಾಯಿ ಹಾಕಿ, ಸುಗ್ರೀವ ಇನ್ನೂ ನಾಲ್ಕು ದಿನ ಬಾಗಿಲಲ್ಲಿ ಕಾಯಬೇಕಿತ್ತು ಎನ್ನಬಹುದು. ಅವನ ಮಾತು ಸರಿ. ದೊಡ್ಡ ಜಗಳಗಳೆಲ್ಲ ಹೀಗೆ ಬಾಗಿಲಲ್ಲಿ ಕಾಯದೆ ಹೋದವರಿಂದಲೇ ಹುಟ್ಟುತ್ತವೆ. ಅದನ್ನು ನೀನು ಹೇಳುವ ಮೊದಲು ಅವನಿಗೇ ಹೊಳೆಯಿತಲ್ಲ, ಆ ಹೊಳಹು ಅವನ ಸ್ವಂತದ್ದು. ಅದನ್ನು ಅವನಿಂದ ಯಾರೂ ಕಸಿದುಕೊಳ್ಳಲಾರರು.

ನಮ್ಮ ಜಿಲ್ಲೆಯ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿದವರು ಅದನ್ನು ಮರೆತಿಲ್ಲ. 1918ರಲ್ಲಿ ಹುಟ್ಟಿ 2006ರಲ್ಲಿ ತೀರಿಕೊಂಡ ಅವರ ಅರ್ಥದ ಧ್ವನಿಮುದ್ರಣಗಳು ಈಗಲೂ ಸಿಗುತ್ತವೆ. ಮಕ್ಕಳು ತಾವೇ ಅರ್ಥ ಹೇಳಿ ಆದಮೇಲೆ ಕೇಳಿಸು, ಮೊದಲು ಕೇಳಿಸಬೇಡ. ತಾನು ಕೇಳಿದ ಪ್ರಶ್ನೆಯನ್ನೇ ಅಷ್ಟು ದೊಡ್ಡ ಅರ್ಥಧಾರಿಯೂ ಕೇಳಿದ್ದಾರೆ, ತನಗೆ ಹೊಳೆಯದ ಇನ್ನೂ ಹತ್ತನ್ನು ಕೇಳಿದ್ದಾರೆ ಎಂದು ಕಂಡಾಗ ಮಗುವಿಗೆ ಬರುವ ಗೌರವ ನಿಜವಾದ ಗೌರವ. ಇನ್ನೊಬ್ಬ ಅರ್ಥಧಾರಿ ಕುಂಬಳೆ ಸುಂದರ ರಾಯರ ಕನ್ನಡವನ್ನೂ ಕೇಳಿಸು. ಮಾತು ಹೇಗೆ ಪ್ರಾಸ ಹಿಡಿದು ಓಡುತ್ತದೆ, ಹೇಗೆ ನಿಂತು ಎದುರಾಳಿಯ ಉತ್ತರಕ್ಕೆ ಕಾಯುತ್ತದೆ ಎಂಬುದು ಕಿವಿಗೆ ಬೀಳಲಿ.

ವಾಲಿಯ ಕಥೆ ಅಲ್ಲಿಗೆ ಮುಗಿಯುವುದಿಲ್ಲ, ವಾರದ ಕ್ರಮದ ಲಾಭ ಇದೇ. ಮೂರು ತಿಂಗಳ ಬಳಿಕ ಯುದ್ಧಕಾಂಡದಲ್ಲಿ ಅದೇ ಅಂಗದ ರಾಮನ ದೂತನಾಗಿ ರಾವಣನ ಸಭೆಗೆ ಹೋಗುತ್ತಾನೆ. ನಿನ್ನ ಅಪ್ಪನನ್ನು ಕೊಂದವನ ಕೆಲಸ ಮಾಡುತ್ತೀಯಲ್ಲ ಎಂದು ರಾವಣ ಚುಚ್ಚುತ್ತಾನೆ. ಫೆಬ್ರವರಿಯಲ್ಲಿ ವಾಲಿಯಾಗಿದ್ದ ಹುಡುಗನಿಗೇ ಮೇ ತಿಂಗಳಲ್ಲಿ ಅಂಗದನ ಪಾತ್ರ ಕೊಡು. ಅವನು ಒಂದು ಗಳಿಗೆ ಸುಮ್ಮನಿರುತ್ತಾನೆ. ಅವನನ್ನು ಅವಸರ ಮಾಡಬೇಡ. ಅಪ್ಪನ ಮೇಲಿನ ಪ್ರೀತಿಯನ್ನು ಬಿಡದೆ ರಾಮನ ಪಕ್ಷದಲ್ಲಿ ಹೇಗೆ ನಿಲ್ಲುವುದು ಎಂದು ಅವನು ತನಗಾಗಿ ಒಂದು ಮಾತು ಕಟ್ಟಿಕೊಳ್ಳಬೇಕು. ಪಾರ್ತಿಸುಬ್ಬ ಪ್ರಸಂಗ ಬರೆದದ್ದು ಆ ಮಾತಿಗೆ ಜಾಗ ಬಿಟ್ಟೇ.

ಕಷ್ಟದ ಪ್ರಶ್ನೆಗಳು ಬಂದೇ ಬರುತ್ತವೆ, ಅವುಗಳಿಗೆ ಹೆದರಬೇಡ. ಶೂರ್ಪಣಖಿಯ ಮೂಗು ಯಾಕೆ ಕೊಯ್ದರು ಎಂದು ಮಗ ಕೇಳುತ್ತಾನೆ. ಸೀತೆ ಯಾಕೆ ಬೆಂಕಿಗೆ ಹಾರಬೇಕಾಯಿತು ಎಂದು ಮಗಳು ಕೇಳುತ್ತಾಳೆ, ಕೇಳುವಾಗ ನಿನ್ನ ಮುಖವನ್ನು ನೋಡುತ್ತಾಳೆ. ದೊಡ್ಡವರ ಸಂಗತಿ, ನಿನಗೆ ತಿಳಿಯದು ಎಂದು ಬಾಯಿ ಮುಚ್ಚಿಸಿದರೆ ಅವಳು ಗ್ರಂಥವನ್ನೂ ನಿನ್ನನ್ನೂ ಒಟ್ಟಿಗೆ ನಂಬದೆ ಹೋಗುತ್ತಾಳೆ. ಇಂಥ ಪ್ರಶ್ನೆಗಳನ್ನು ಕವಿಗಳೂ ಕೇಳಿಕೊಂಡಿದ್ದಾರೆ ಎಂದು ಹೇಳು. ಎಳುತ್ತಚ್ಛನ್ನರ ಗಿಳಿ ಹೇಳುವ ಕಥೆಯಲ್ಲಿ ರಾವಣ ಕದ್ದೊಯ್ಯುವುದು ಮಾಯಾಸೀತೆಯನ್ನು. 1949ರಲ್ಲಿ ಹೊರಬಂದ ಕುವೆಂಪು ಅವರ ಶ್ರೀ ರಾಮಾಯಣ ದರ್ಶನಂ ಕಾವ್ಯದಲ್ಲಿ ಸೀತೆಯ ಜೊತೆಗೆ ರಾಮನೂ ಬೆಂಕಿಯನ್ನು ಹೊಗುತ್ತಾನೆ. ಸುಮಾರು ಒಂಬೈನೂರು ವರ್ಷದ ಹಿಂದೆ ಇದ್ದ ನಮ್ಮ ಜೈನ ಕವಿ ನಾಗಚಂದ್ರನ ರಾಮಾಯಣದಲ್ಲಿ ರಾವಣನನ್ನು ಕೊಲ್ಲುವವನು ಲಕ್ಷ್ಮಣ. ಹನ್ನೆರಡು ದಾಟಿದ ಮಗಳಿಗೆ ಇವನ್ನೆಲ್ಲ ಎದುರಿಗಿಟ್ಟು, ನಿನಗೆ ಯಾವುದು ಸರಿ ಕಾಣುತ್ತದೆ, ಯಾಕೆ ಎಂದು ಕೇಳು. ಅವಳ ಶಾಲೆಯಲ್ಲಿ ಮಲಯಾಳ ಓದುವ ಗೆಳತಿಯರಿದ್ದಾರಲ್ಲ, ಅವರ ಮನೆಯ ಕರ್ಕಾಟಕದ ಓದಿನಲ್ಲಿ ಸೀತೆ ಬೆಂಕಿ ಹೊಗುವ ಭಾಗ ಹೇಗಿದೆ ಎಂದು ವಿಚಾರಿಸಿಕೊಂಡು ಬರಲಿ. ಎರಡು ಭಾಷೆಯ ನಡುವೆ ಬೆಳೆಯುವುದು ಈ ಊರಿನ ಮಕ್ಕಳಿಗೆ ಸಿಕ್ಕ ಸಂಪತ್ತು, ಅದನ್ನು ಖರ್ಚು ಮಾಡುವುದಕ್ಕೆ ಕಲಿಸು. ನಿನಗೇ ಉತ್ತರ ತಿಳಿಯದ ಕಡೆ, ತಿಳಿಯದು, ಮುಂದಿನ ವಾರಕ್ಕೆ ಹುಡುಕಿ ಬರೋಣ ಎನ್ನು. ಹಾಗೆ ಹೇಳಿದ ಮೇಲೆ ಹುಡುಕಲೇಬೇಕು.

ಮಗು ಯಾವ ಮಾತಿನಲ್ಲಿ ಅರ್ಥ ಹೇಳಬೇಕು ಎಂಬುದಕ್ಕೂ ಕಟ್ಟಳೆ ಬೇಡ. ಪದ್ಯ ಕನ್ನಡದ್ದು, ಅದು ಹಾಗೆಯೇ ಇರಲಿ. ಅರ್ಥ ತುಳುವಿನಲ್ಲಿ ಬಂದರೆ ತುಳು, ಹವ್ಯಕದಲ್ಲಿ ಬಂದರೆ ಹವ್ಯಕ, ಕೊಂಕಣಿಯಾದರೆ ಕೊಂಕಣಿ, ಕರಾಡ ಮರಾಠಿಯಾದರೆ ಅದು. ಪುರಾಣಕ್ಕೆ ನಮ್ಮ ಮನೆಮಾತುಗಳು ಹೊಸತಲ್ಲ. ವೆಂಕಟರಾಜ ಪುಣಿಂಚತ್ತಾಯರು ಹಳೆಯ ತಾಳೆಗರಿಗಳಲ್ಲಿ ತುಳುವಿನ ಶ್ರೀ ಭಾಗವತೊ ಕಾವ್ಯವನ್ನು ಕಂಡು ಓದಿ ಬೆಳಕಿಗೆ ತಂದರಲ್ಲ. ಇಂಗ್ಲಿಷ್ ಶಾಲೆಗೆ ಹೋಗುವ ಮಗುವಿಗೆ ನಡುವೆ ಒಂದು ಇಂಗ್ಲಿಷ್ ಶಬ್ದ ಬಂದರೂ ತಡೆಯಬೇಡ. ವಾರ ವಾರವೂ ಕನ್ನಡದ ಪದ್ಯ ಕಿವಿಗೆ ಬೀಳುತ್ತಿದ್ದರೆ ಅದು ತಾನಾಗಿ ಕಳಚುತ್ತದೆ. ಆರರ ಕೆಳಗಿನವರಿಗೆ ಜಟಾಯು, ಹನುಮಂತ, ಅಳಿಲು, ಸೇತುವೆಯ ಕಲ್ಲು ಸಾಕು. ಅವರು ಮಾತಾಡುವುದಕ್ಕಿಂತ ಆಡಿ ತೋರಿಸುತ್ತಾರೆ. ಕಾಸರಗೋಡಿನಲ್ಲಿ ಯಕ್ಷಗಾನ ಗೊಂಬೆಯಾಟದವರಿದ್ದಾರೆ, ಎಲ್ಲಿಯಾದರೂ ಆಟವಿದ್ದರೆ ಆ ಸಣ್ಣವರನ್ನು ಕರೆದುಕೊಂಡು ಹೋಗು. ಎಂಟು ಹತ್ತರವರು ಮುಂದೇನಾಯಿತು ಎಂದು ಕೇಳುತ್ತಾರೆ, ಅವರಿಗೆ ಮುಂದಿನದನ್ನು ಊಹಿಸಲು ಬಿಡು. ದೊಡ್ಡವರಿಗೆ ವಾದ ಬೇಕು, ಎದುರು ಅರ್ಥಕ್ಕೆ ನೀನೇ ಕೂತುಕೋ, ಸೋಲು ಬಂದರೆ ಸೋಲು.

ಮಾಡಬಾರದ್ದನ್ನೂ ಹೇಳಿಬಿಡುತ್ತೇನೆ. ಕಥೆ ಮುಗಿದ ಕೂಡಲೇ ಇದರಿಂದ ತಿಳಿಯುವ ನೀತಿ ಏನೆಂದು ಕೇಳಬೇಡ. ಆ ಒಂದು ವಾಕ್ಯ ಸಂಜೆಯನ್ನೆಲ್ಲ ಪರೀಕ್ಷೆಯ ಹಾಳೆ ಮಾಡಿಬಿಡುತ್ತದೆ. ಅಲ್ಪಪ್ರಾಣ ಮಹಾಪ್ರಾಣ ತಪ್ಪಿತೆಂದು ನಡುವೆ ನಿಲ್ಲಿಸಬೇಡ. ಮರುದಿನ ನೀನು ಸರಿಯಾಗಿ ಉಚ್ಚರಿಸು, ಕಿವಿ ತಿದ್ದಿಕೊಳ್ಳುತ್ತದೆ. ಅಕ್ಕನ ಅರ್ಥವನ್ನೂ ತಮ್ಮನ ಅರ್ಥವನ್ನೂ ಹೋಲಿಸಿ ಬಹುಮಾನ ಕೊಡಬೇಡ. ಮಗು ರಾಮನಾಗಿ ಕೂತದ್ದನ್ನು ಮೊಬೈಲಿನಲ್ಲಿ ಹಿಡಿದು ನೆಂಟರಿಗೆಲ್ಲ ಕಳಿಸಬೇಡ. ಕ್ಯಾಮೆರಾ ಎದುರಿಗಿದ್ದರೆ ಮಗು ರಾಮನಿಗೆ ಉತ್ತರ ಕೊಡುವುದನ್ನು ಬಿಟ್ಟು ನೋಡುವವರಿಗೆ ಉತ್ತರ ಕೊಡಲು ತೊಡಗುತ್ತದೆ. ರಾವಣನ ಪಾತ್ರ ಹೇಳಿದ ಮಗುವನ್ನು ತಮಾಷೆಗಾದರೂ ರಾಕ್ಷಸ ಎಂದು ಕರೆಯಬೇಡ. ನಮ್ಮ ಕೂಟಗಳಲ್ಲಿ ರಾವಣನ ಅರ್ಥಕ್ಕೆ ಒಳ್ಳೆಯ ಅರ್ಥಧಾರಿಯನ್ನೇ ಹುಡುಕಿ ಕೂರಿಸುತ್ತಾರೆ, ಮನೆಯಲ್ಲೂ ಅದೇ ಗೌರವ ಇರಲಿ.

ಬಾಗಿಲನ್ನು ತೆರೆದಿಡು. ನೆರೆಮನೆಯ ಮಕ್ಕಳು ಯಾರೇ ಬರಲಿ, ಯಾವ ಜಾತಿಯವರೇ ಆಗಲಿ, ಯಾವ ಮತದವರೇ ಆಗಲಿ, ಅದೇ ಚಾಪೆಯಲ್ಲಿ ಕೂರಲಿ, ಅದೇ ಹಪ್ಪಳ ತಿನ್ನಲಿ, ಅವರಿಗೂ ಪಾತ್ರ ಸಿಗಲಿ. ವಾಲಿಯಾಗಿ ಗುಡುಗಿದ ಶೇಣಿಯವರೇ ಬಪ್ಪನಾಡು ಕ್ಷೇತ್ರ ಮಹಾತ್ಮೆ ಪ್ರಸಂಗದಲ್ಲಿ ಬಪ್ಪ ಬ್ಯಾರಿ ಎಂಬ ಮುಸ್ಲಿಮನಾಗಿ ಜನರ ಮನಸ್ಸಿನಲ್ಲಿ ನಿಂತವರು. ತಳಂಗರೆಯ ಮಾಲಿಕ್ ದೀನಾರ್ ಮಸೀದಿಯ ನೆರಳಿನಲ್ಲಿ ಬೆಳಿಗ್ಗೆ ಮದ್ರಸಕ್ಕೆ ನಡೆಯುವ ಮಕ್ಕಳೂ ತಮ್ಮ ಗ್ರಂಥವನ್ನು ರಾಗವಾಗಿ, ದಿನಕ್ಕಿಷ್ಟು ಎಂದೇ ಕಲಿಯುತ್ತಾರೆ. ಒಂದು ಗ್ರಂಥವನ್ನು ಪ್ರೀತಿಯಿಂದ ಓದಿದ ಮಗುವಿಗೆ ಇನ್ನೊಬ್ಬರು ತಮ್ಮ ಗ್ರಂಥವನ್ನು ಯಾಕೆ ಎದೆಗೆ ಒತ್ತಿಕೊಳ್ಳುತ್ತಾರೆ ಎಂಬುದು ಬೇಗ ತಿಳಿಯುತ್ತದೆ.

ನೀವೆಲ್ಲ ಊರಿನಲ್ಲೇ ಇರುತ್ತೀರಿ ಎಂದು ನಾನು ಭಾವಿಸಿಲ್ಲ. ನಾಳೆ ಬೆಂಗಳೂರು, ನಾಡಿದ್ದು ದುಬೈ. ವಾರದ ಭಾಗ ನಿಶ್ಚಯವಾಗಿದ್ದರೆ ಅಜ್ಜಿ ಬದಿಯಡ್ಕದಲ್ಲಿ ಕೂತು ಪದ್ಯ ಓದಬಹುದು, ಮೊಮ್ಮಗಳು ಅಲ್ಲಿಂದ ಫೋನಿನಲ್ಲಿ ಅರ್ಥ ಹೇಳಬಹುದು. ಈ ವಾರ ಯಾವ ಭಾಗ ಎಂದು ಎರಡೂ ಕಡೆ ಗೊತ್ತಿರುವುದರಿಂದ ಮಾತಿಗೆ ಬರಗಾಲ ಬರುವುದಿಲ್ಲ. ಊಟ ಆಯಿತಾ, ಓದಿದೆಯಾ ಎಂಬಲ್ಲಿಗೆ ಮುಗಿಯುತ್ತಿದ್ದ ಮಾತು, ಕೈಕೇಯಿ ಮಾಡಿದ್ದು ಸರಿಯಾ ಎಂಬಲ್ಲಿಂದ ಹೊಸದಾಗಿ ತೊಡಗುತ್ತದೆ. 1956ರಲ್ಲಿ ರಾಜ್ಯಗಳ ಗೆರೆ ಎಳೆದಾಗ ನಮ್ಮ ಮನೆಗಳು ಎದ್ದು ಎಲ್ಲಿಗೂ ಹೋಗಲಿಲ್ಲ, ಮನೆಯೊಳಗಿನ ಓದೂ ನಿಲ್ಲಲಿಲ್ಲ. ಸರಕಾರ, ಶಾಲೆ, ಫಲಕ, ಅರ್ಜಿ ಇವುಗಳಿಗಾಗಿ ಹೋರಾಡುವವರು ಹೋರಾಡಲಿ, ಅದು ಬೇಕೇ ಬೇಕು. ಚಾವಡಿಯ ಅರ್ಧ ಗಂಟೆ ಮಾತ್ರ ಯಾರ ಅನುಮತಿಯೂ ಬೇಡದ ನಮ್ಮ ಸ್ವಂತ ನೆಲ. ಅಲ್ಲಿ ಕನ್ನಡ ಸೊರಗಿದರೆ ತಪ್ಪು ಬೇರೆಯವರ ಮೇಲೆ ಹಾಕುವಂತಿಲ್ಲ.

ಎಲ್ಲವೂ ಸಿದ್ಧವಾದ ಮೇಲೆ ಶುರು ಮಾಡುತ್ತೇನೆ ಎನ್ನಬೇಡ. ಊರಿನ ಗ್ರಂಥಾಲಯಕ್ಕೆ ಹೋಗಿ ತೊರವೆ ರಾಮಾಯಣವನ್ನು ಕೇಳು, ಇಲ್ಲದಿದ್ದರೆ ತರಿಸಲು ಹೇಳು, ಅಲ್ಲಿಯವರೆಗೆ ಗದ್ಯದ ರಾಮಾಯಣವಾದರೂ ಆದೀತು. ಆಟಿಯ ಆ ಮೊದಲ ಭಾನುವಾರದ ಹಿಂದಿನ ಶನಿವಾರವೇ ದಶರಥನ ಭಾಗವನ್ನು ನೀನೊಬ್ಬಳೇ ಎರಡು ಸಲ ಓದಿಕೋ. ಭಾನುವಾರ ಮಕ್ಕಳನ್ನು ಕೂರಿಸಿ, ಮಕ್ಕಳಿಲ್ಲದ ರಾಜ ಏನು ಬೇಡಿಕೊಳ್ಳುತ್ತಾನೆ ಎಂದು ಸಣ್ಣವನನ್ನು ಕೇಳು. ಅವನು ಏನೇ ಹೇಳಲಿ, ಪೂರ್ತಿ ಕೇಳಿಸಿಕೋ. ಮುಂದಿನ ವಾರ ಯಾವ ಪಾತ್ರ ನನಗೆ ಎಂದು ಅವನೇ ಕೇಳಿದ ದಿನ ನನ್ನ ಈ ಮಾತು ನಿನಗೆ ಪೂರ್ತಿ ತಲುಪಿತೆಂದು ತಿಳಿ.